ಮೂರನೇ ಫ್ಲಾಸ್ಕಿನ ಸೋಮಾರಿ

ಫೆಬ್ರವರಿ ೫, ಮಂಗಳವಾರ. ಬೆಳಗ್ಗೆ, ಬಸ್ಸಿನಲ್ಲಿ

ಇವತ್ತಿನದೂ ಆಯಿತು. ಆರು ಹಳೇ ಫ್ಲಾಸ್ಕು, ಆರು ಹೊಸ ಫ್ಲಾಸ್ಕು. ಹಳೆಯದರಿಂದ ಒಂದೊಂದು ಹನಿ ಹೊಸದಕ್ಕೆ. ಮುಚ್ಚಳ ಹಾಕು, ಶೇಕರ್‌ನಲ್ಲಿಡು, ಕೈ ತೊಳೆ, ಓಡು. ಈಗ ಬಸ್ಸು. ರಸ್ತೆ ಅಗೆದಿದ್ದಾರೆ, ಅಕ್ಷರ ಕುಣಿಯುತ್ತಿವೆ.

ಆಫೀಸಿಗೆ ಇನ್ನೂ ಹೊತ್ತಿದೆ. ಕಾಲಿಗೆ ಮಾತ್ರ ತಡೆಯಿಲ್ಲ, ಕೂತಲ್ಲೇ ಕುಟ್ಟುತ್ತಿದೆ. ಪಕ್ಕದ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು.

ಹೊಸ ಕೆಲಸಕ್ಕೆ ಸೇರಿ ಐದನೇ ವಾರ. ಮೆಡಿಕಲ್ ಕಮ್ಯುನಿಕೇಷನ್ಸ್. ಅಂದರೆ ಔಷಧ ಕಂಪನಿಗಳಿಗೆ, ಆಸ್ಪತ್ರೆಗಳಿಗೆ ಬರೆದುಕೊಡುವುದು. ಡಾಕ್ಟರಿಗೆ ಸ್ಲೈಡು, ರೋಗಿಗೆ ಕರಪತ್ರ, ಸಮ್ಮೇಳನಕ್ಕೆ ಪೋಸ್ಟರು. (ಯಾರಿಗಾಗಿ ವಿವರಿಸುತ್ತಿದ್ದೇನೋ. ಆಫೀಸಿನಿಂದ ಹತ್ತಿದ ಚಾಳಿ.) ಇಷ್ಟು ವರ್ಷ ಬ್ಯಾಕ್ಟೀರಿಯಾದ ಜೀನುಗಳ ಬೆನ್ನು ಹತ್ತಿದ್ದವಳಿಗೆ ಈಗ ಕುರ್ಚಿ, ಕೀಬೋರ್ಡು. ಯಾಕೆ ಬಿಟ್ಟೆ ಎಂದು ಕೇಳಿದ ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದದ್ದು ಇದು: ಆರಾರು ತಿಂಗಳಿಗೆ “ನನ್ನ ಪೋಸ್ಟು ಮುಂದುವರಿಯುತ್ತಾ ಸರ್?” ಎಂದು ಪ್ರೊಫೆಸರ್ ಬಾಗಿಲಲ್ಲಿ ನಿಲ್ಲುವುದು ಸಾಕಾಗಿಹೋಗಿತ್ತು.

ಬಿಟ್ಟ ಮೇಲೆ ದಿನಾ ಬೆಳಗ್ಗೆ ಲ್ಯಾಬಿಗೆ ಯಾಕೆ ಹೋಗುತ್ತೀಯ ಎಂದು ಯಾರೂ ಕೇಳಿಲ್ಲ, ಯಾಕೆಂದರೆ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಪ್ರೊಫೆಸರ್‌ಗೆ “ಒಂದು ವಾರ ಬರ್ತೀನಿ, ಹುಡುಗಿಗೆ ಎಲ್ಲ ಒಪ್ಪಿಸಿಬಿಡ್ತೀನಿ” ಅಂದಿದ್ದೆ. ಆ ವಾರ ಇನ್ನೂ ಮುಗಿದಿಲ್ಲ.

ಹುಡುಗಿ ಎಂದರೆ ಪಿಎಚ್‌ಡಿಯವಳು. ನಾಲ್ಕನೇ ವರ್ಷ. ಈ ಆರು ಫ್ಲಾಸ್ಕು ಅವಳ ಥೀಸಿಸ್ಸಿನ ಕೊನೇ ಚಾಪ್ಟರು. ಶುರು ಮಾಡಿದ್ದು ನಾನು. ಒಂದೇ ಬ್ಯಾಕ್ಟೀರಿಯಾದ ಆರು ವಂಶ, ದಿನಾ ಹೊಸ ಊಟ, ದಿನಾ ಹೊಸ ಮನೆ. ವರ್ಷಗಟ್ಟಲೆ ಹೀಗೇ ನಡೆಸಿದರೆ ಯಾವುದು ಹೇಗೆ ಬದಲಾಗುತ್ತದೆ ಎಂದು ನೋಡುವುದು. ಐದು ವಂಶ ದಿನೇ ದಿನೇ ಚುರುಕಾದವು. ಮೂರನೇ ಫ್ಲಾಸ್ಕಿನವನು ಮಾತ್ರ ಸೋಮಾರಿ. ನಿಧಾನ ಏಳುತ್ತಾನೆ, ನಿಧಾನ ಬೆಳೆಯುತ್ತಾನೆ. ಆದರೆ ಆಂಟಿಬಯಾಟಿಕ್ ಸುರಿದು ನೋಡಿದಾಗ ಎಲ್ಲರೂ ಸತ್ತರು, ಇವನು ಮುಸುಕೆಳೆದು ಮಲಗಿದ್ದು, ಔಷಧ ಹೋದ ಮೇಲೆ ಎದ್ದು ಕೂತ. ಅವತ್ತಿನಿಂದ ನನಗೆ ಅವನ ಮೇಲೆ ಒಂದು ತೂಕ ಪ್ರೀತಿ ಜಾಸ್ತಿ.

ಸ್ಟಾಪ್ ಬಂತು.

ಫೆಬ್ರವರಿ ೭, ಗುರುವಾರ

ಕತ್ತರಿ ಮೇಡಂ ನನ್ನ ಕರಪತ್ರ ವಾಪಸ್ ಕೊಟ್ಟರು. ಎರಡನೇ ಸಲ. ಎಡಿಟರ್ ಅವರು, ಮೊದಲು ಫಾರ್ಮಸಿಸ್ಟ್ ಆಗಿದ್ದವರು. ಕತ್ತರಿ ಎಂದು ಹೆಸರಿಟ್ಟವಳು ನಾನಲ್ಲ, ನಾನು ಬರುವ ಹೊತ್ತಿಗೇ ಇತ್ತು.

ವಿಷಯ ಮೂತ್ರದ ಸೋಂಕು. ಡಾಕ್ಟರು ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದವರ ಕೈಗೆ ಹೋಗುವ ನಾಲ್ಕು ಪುಟ.

“ಇದರಲ್ಲಿ ಹೀರೋ ಯಾರಮ್ಮ?” ಅಂದರು.

ಅರ್ಥವಾಗಲಿಲ್ಲ.

“ಮೊದಲನೇ ಪ್ಯಾರಾ, ಬ್ಯಾಕ್ಟೀರಿಯಾ ಗೋಡೆ ಹಿಡ್ಕೊಳ್ತು. ಎರಡನೇದು, ಒಳಗೆ ಹೋಗಿ ಬಚ್ಚಿಟ್ಕೊಳ್ತು. ಮೂರನೇದರಲ್ಲಿ ಶತ್ರುಗಳಿಂದ ತಪ್ಪಿಸ್ಕೊಳ್ತು. ನನಗೇ ಅದು ಗೆದ್ರೆ ಸಾಕಪ್ಪ ಅನ್ನಿಸ್ಬಿಡ್ತು. ರೋಗಿ ಎಲ್ಲಿ ಬರ್ತಾರೆ?”

ತಿರುವಿ ನೋಡಿದೆ. ಎರಡನೇ ಪುಟದ ಅಡಿಯಲ್ಲಿ ಬಂದಿದ್ದರು. ಅದೂ ‘ಆತಿಥೇಯ ದೇಹ’ ಎಂದು.

ಪಕ್ಕದ ಟೇಬಲ್ಲಿನವರು ನಗು ತಡೆಯಲಿಲ್ಲ. ನನಗೂ ನಗು ಬಂತು, ಆಮೇಲೆ ಸಿಟ್ಟು ಬಂತು. ಅವರ ಮೇಲಲ್ಲ. ಯಾರ ಮೇಲೆ ಎಂದು ಗೊತ್ತಿಲ್ಲ. ಮಧ್ಯಾಹ್ನವೆಲ್ಲ ನೀರು ಕುಡಿಯುವ ನೆಪದಲ್ಲಿ ಎದ್ದೆದ್ದು ಹೋದೆ.

ಪ್ರೊಬೇಷನ್ ಮುಗಿಯಲು ತಿಂಗಳೂ ಇಲ್ಲ.

ಫೆಬ್ರವರಿ ೯, ಶನಿವಾರ

ಇಲ್ಲೊಂದು ಪದ್ಧತಿ ಇದೆ. ಕರಪತ್ರ ಹೊರಗೆ ಹೋಗುವ ಮುಂಚೆ ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಬೇಕು. ನನ್ನ ಮನೆಯಲ್ಲೇ ಚಿಕ್ಕಮ್ಮ ಇದ್ದಾಳಲ್ಲ. ಹೋದ ವರ್ಷ ಇದೇ ಸೋಂಕಾಗಿ ಒದ್ದಾಡಿದವಳು. ಬೇರೆಯವರನ್ನು ಯಾಕೆ ಹುಡುಕಲಿ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಟೈರ್ ಆದವಳು. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಟ್ರಂಕ್ ಕಾಲ್ ಕೊಡುವ ದನಿಯಲ್ಲಿ ಶುರು ಮಾಡಿದಳು. ಎಲ್ಲೂ ತಡವರಿಸಲಿಲ್ಲ. ಓದಿ ಮುಗಿಸಿ ಹಾಳೆ ಮಡಿಲಲ್ಲಿಟ್ಟುಕೊಂಡಳು.

“ಪಾಪ ಕಣೇ. ಅದಕ್ಕೂ ಎಷ್ಟು ಕಷ್ಟ. ಹಿಡ್ಕೊಳೋಕೆ ಮೈಮೇಲೆ ಕೂದಲು ಬೇರೆ ಬೆಳೆಸ್ಕೋಬೇಕು.”

“ಚಿಕ್ಕಮ್ಮ, ತಮಾಷೆ ಬೇಡ. ಏನು ಅರ್ಥ ಆಯ್ತು ಹೇಳು.”

“ಮಾತ್ರೆ ನುಂಗಬೇಕೋ ಬೇಡ್ವೋ?”

“ನುಂಗಬೇಕು. ಡಾಕ್ಟರ್ ಹೇಳಿದಷ್ಟು ದಿನ, ಬಿಡದೆ.”

“ಮತ್ತೆ ಅದನ್ನ ಹೇಳೋಕೆ ನಿನಗೇನು ಧಾಡಿ?”

ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. “ಕಾಲು ಸುಟ್ಟ ಬೆಕ್ಕಿನ ಥರ ಏನದು ಓಡಾಟ, ಒಂದು ಕಡೆ ಕೂತ್ಕೋಬಾರ್ದಾ” ಎಂದು ಕೂಗಿದಳು.

ಫೆಬ್ರವರಿ ೧೦, ಭಾನುವಾರ

ಭಾನುವಾರ ಹುಡುಗಿಯ ದಿನ. ವಾರಕ್ಕೆ ಅದೊಂದೇ ಅವಳಿಗೆ ಬಿಟ್ಟುಕೊಟ್ಟಿರುವುದು.

ಮನೆಯಲ್ಲಿರಲು ಆಗಲಿಲ್ಲ. ಫೋನಿನ ಚಾರ್ಜರ್ ಲ್ಯಾಬಿನಲ್ಲಿ ಬಿಟ್ಟಿದ್ದೇನೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಹೋದೆ. ಗಾಜಿನ ಬಾಗಿಲಿನ ಆಚೆ ಅವಳು. ಕಿವಿಗೆ ಇಯರ್‌ಫೋನ್, ತಲೆ ತೂಗುತ್ತಿದೆ. ಎಡಗೈಯವಳು, ಫ್ಲಾಸ್ಕುಗಳನ್ನು ಬಲದಿಂದ ಎಡಕ್ಕೆ ಜೋಡಿಸಿಕೊಳ್ಳುತ್ತಾಳೆ, ಆರರಿಂದ ಒಂದಕ್ಕೆ. ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಒಳಗೆ ಹೋದೆ. “ಮೂರು-ನಾಲ್ಕು ನೋಡ್ಕೊಂಡು ಮಾಡು” ಅಂದೆ.

ಇಯರ್‌ಫೋನ್ ತೆಗೆದಳು. “ಅಕ್ಕ, ಭಾನುವಾರ ನಂದು.”

“ಗೊತ್ತು. ಚಾರ್ಜರ್ ತಗೊಳೋಕೆ ಬಂದೆ.”

“ಸಿಕ್ತಾ?”

ಹುಡುಕಿದಂತೆ ಮಾಡಿದೆ. ಚಾರ್ಜರ್ ನನ್ನ ಬ್ಯಾಗಿನಲ್ಲೇ ಇತ್ತು.

ಮೂರು-ನಾಲ್ಕು ಅಂದದ್ದು ಸುಮ್ಮನೆ ಅಲ್ಲ. ವಂಶಗಳಲ್ಲಿ ಮೂರು ಕೆಂಪು, ಮೂರು ಬಿಳಿ. ಬಣ್ಣದ ಪ್ಲೇಟಿನ ಮೇಲೆ ಹಚ್ಚಿದರೆ ಕೆಲವು ಕೆಂಪು ಚುಕ್ಕೆಯಾಗಿ ಬೆಳೆಯುತ್ತವೆ, ಕೆಲವು ಬಿಳಿ. ಬೇಕೆಂದೇ ಒಂದು ಬಿಟ್ಟು ಒಂದು ಇಟ್ಟಿದ್ದೇವೆ, ಒಂದರ ಹನಿ ಪಕ್ಕದ್ದಕ್ಕೆ ಬಿದ್ದರೆ ಕಣ್ಣಿಗೆ ಕಾಣಲಿ ಎಂದು. ಸೋಮಾರಿ ಬಿಳಿ. ಪಕ್ಕದ ನಾಲ್ಕನೆಯದು ಕೆಂಪು, ಆರರಲ್ಲೇ ಭಾರಿ ಚುರುಕು. ಅದರ ಒಂದು ಹನಿ ಸಾಕು ಸೋಮಾರಿಯ ಮನೆ ಖಾಲಿ ಮಾಡಿಸಲು.

ವರಾಂಡದಲ್ಲಿ ಪ್ರೊಫೆಸರ್ ಸಿಕ್ಕರು. ಭಾನುವಾರವೂ ಬರುತ್ತಾರೆ, ಮನೆಯಲ್ಲಿ ಅವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲವೋ ಏನೋ.

“ಇನ್ನೂ ಎಷ್ಟು ದಿನ ಒಪ್ಪಿಸ್ತೀಯಮ್ಮ?” ಎಂದು ನಕ್ಕರು. “ಅವಳಿಗೆ ಬಿಟ್ಬಿಡು. ಇಲ್ಲಾಂದ್ರೆ ಫ್ರೀಜರ್‌ಗೆ ಹಾಕ್ಬಿಡು. ಓಡಿಹೋಗಲ್ಲ.”

ಓಡಿಹೋಗುವುದಿಲ್ಲ, ಸರಿ. ನವೆಂಬರಿನಲ್ಲಿ ಆರರದ್ದೂ ಒಂದೊಂದು ಸ್ಟಾಕ್ ಮಾಡಿ ಫ್ರೀಜರ್‌ನಲ್ಲಿ ಇಟ್ಟಿದ್ದೇವೆ. ಬೇಕೆಂದಾಗ ಎಬ್ಬಿಸಬಹುದು. ಆದರೆ ಒಂದು ದಿನವೂ ತಪ್ಪದೆ ಇಲ್ಲಿಯವರೆಗೆ ತಂದವಳಿಗೆ ಆ ಮಾತು ಹೇಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಾಗುವುದಿಲ್ಲ.

ಫೆಬ್ರವರಿ ೧೪, ಗುರುವಾರ

ಲಿಫ್ಟಿನಲ್ಲಿ ಅಕೌಂಟ್ಸ್‌ನವನು ಮೂಗು ಅರಳಿಸಿ “ಯಾರ ಡಬ್ಬಿಯದು ಈ ವಾಸನೆ?” ಅಂದ. ನನ್ನ ಕೂದಲು. ಆಟೋಕ್ಲೇವಿನ ಹಬೆಯಲ್ಲಿ ಬೆಂದ ಬ್ಯಾಕ್ಟೀರಿಯಾದ ಊಟದ ವಾಸನೆ ಶಾಂಪೂಗೆ ಬಗ್ಗುವುದಿಲ್ಲ. ನಾನೂ ಅವನ ಜೊತೆ ಆಚೀಚೆ ನೋಡಿದೆ.

ಮೂರನೇ ಡ್ರಾಫ್ಟ್. ಬ್ಯಾಕ್ಟೀರಿಯಾವನ್ನು ಎರಡನೇ ಪುಟಕ್ಕೆ ತಳ್ಳಿದೆ. ಮನಸ್ಸಿಲ್ಲದ ಮನಸ್ಸಿನಿಂದ.

ಫೆಬ್ರವರಿ ೧೯, ಮಂಗಳವಾರ. ಬೆಳಗ್ಗೆ, ಬಸ್ಸಿನಲ್ಲಿ

ಎಂಥಾ ಬೆಳಗು!

ಹತ್ತಕ್ಕೆ ಕ್ಲೈಂಟ್ ಮೀಟಿಂಗ್. ನಾಲ್ಕನೇ ಫ್ಲಾಸ್ಕಿಗೆ ಕೈ ಹಾಕುವಾಗ ಕತ್ತರಿ ಮೇಡಂ ಫೋನ್. ಎತ್ತದಿದ್ದರೆ ಎಲ್ಲಿದ್ದೀಯ ಎಂಬ ಪ್ರಶ್ನೆ. ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟೆ.

“ಮೊದಲನೇ ಸಾಲು ಇನ್ನೂ ಕೂತಿಲ್ಲ. ಓದಿದವರಿಗೆ ಭಯ ಆಗ್ಬಾರ್ದು, ಉಡಾಫೇನೂ ಬರ್ಬಾರ್ದು. ಏನಾದ್ರೂ ಹೊಳೀತಾ?”

ಹೊಳೆಯಿತು! ಹನಿ ತುಂಬಿದ ಪಿಪೆಟ್ ಕೈಯಲ್ಲಿರುವಾಗಲೇ ಹೊಳೆಯಿತು. “ಉರಿ ನಿಂತಿರಬಹುದು. ಚಿಕಿತ್ಸೆ ಇನ್ನೂ ನಿಂತಿಲ್ಲ.” ಅತ್ತ ಕಡೆ ಪೆನ್ನು ಗೀಚುವ ಸದ್ದು. ಆಮೇಲೆ “ಇದನ್ನ ಇಟ್ಕೋ” ಅಂದರು. ಕತ್ತರಿ ಬಾಯಿಂದ ‘ಇಟ್ಕೋ’!

“ಅದೇನು ಗಿರ್ ಅಂತ ಸದ್ದು?”

“ಮಿಕ್ಸಿ ಮೇಡಂ.”

ಫ್ಲಾಸ್ಕು ಅಲ್ಲಾಡಿಸುವ ಶೇಕರ್ ಅದು. ನಗು ತಡೆದುಕೊಂಡು ಉಳಿದವನ್ನೂ ಮುಗಿಸಿ ಬಂದೆ. ಅಲ್ಲೂ ಸೈ, ಇಲ್ಲೂ ಸೈ. ಎರಡನ್ನೂ ನಡೆಸಬಹುದು. ಯಾರು ಹೇಳಿದರು ಆಗುವುದಿಲ್ಲ ಎಂದು?

ಫೆಬ್ರವರಿ ೨೩, ಶನಿವಾರ

ಮೂರನೆಯದರ ಪ್ಲೇಟಿನ ತುಂಬ ಕೆಂಪು.

ಗುರುವಾರ ಹಚ್ಚಿಟ್ಟಿದ್ದೆ, ತಿಂಗಳಿಗೊಮ್ಮೆ ಮಾಡುವ ಪರೀಕ್ಷೆ. ಇವತ್ತು ಮುಚ್ಚಳ ತೆಗೆದರೆ ಕೆಂಪು, ಕೆಂಪು, ಕೆಂಪು. ಬಿಳಿ ಅಲ್ಲೊಂದು ಇಲ್ಲೊಂದು. ಬೇರೆ ಪ್ಲೇಟಿನ ಜೊತೆ ಅದಲುಬದಲಾಗಿರಬೇಕು ಎಂದು ನಂಬರು ನೋಡಿದೆ. ಮೂರೇ. ನನ್ನ ಕೈಬರಹವೇ. ಸ್ಟೂಲ್ ಎಳೆದು ಕೂತೆ.

ಹುಡುಗಿ ಬಂದಳು. ಬಂದವಳಿಗೆ ಗುಡ್ ಮಾರ್ನಿಂಗ್ ಹೇಳಲೂ ಬಿಡಲಿಲ್ಲ.

“ಭಾನುವಾರ ಏನು ಮಾಡ್ದೆ?”

“ಏನಾಯ್ತು ಅಕ್ಕ?”

“ಏನಾಯ್ತು ಅಂತ ನನ್ನ ಕೇಳ್ತೀಯಾ? ಕಿವಿಗೆ ಹಾಡು ತುರುಕ್ಕೊಂಡು, ಫ್ಲಾಸ್ಕು ಉಲ್ಟಾ ಇಟ್ಕೊಂಡು... ಎಷ್ಟು ಸಲ ಹೇಳಿದ್ದೆ ಮೂರು-ನಾಲ್ಕು ನೋಡ್ಕೋ ಅಂತ? ಇಷ್ಟು ವರ್ಷದ್ದು, ಒಂದೇ ಹನಿ! ನಿನ್ನ ಕೈಗೆ ಕೊಟ್ಟಿದ್ದೇ ನನ್ನ ತಪ್ಪು.”

ಇನ್ನೂ ಏನೇನೋ ಅಂದೆ. ಬಾಯಿಗೆ ಬಂದದ್ದೆಲ್ಲ. ಪಕ್ಕದ ಲ್ಯಾಬಿನವರು ಬಾಗಿಲಲ್ಲಿ ನಿಂತಿದ್ದರು. ಅವಳು ಪ್ಲೇಟ್ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅಳಲಿಲ್ಲ, ಎದುರು ಮಾತೂ ಇಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಅದೇ ಬಿಸಿಯಲ್ಲಿ ಪ್ರೊಫೆಸರ್ ರೂಮಿಗೆ ಹೋದೆ. “ಸರ್, ಮೂರನೇದು ಹೋಯ್ತು. ಭಾನುವಾರದ್ದು. ಅವಳ ಕೈ.” ಅವರ ಮುಖ ಸಪ್ಪಗಾಯಿತು. ಮಾರ್ಚ್ ನಾಲ್ಕಕ್ಕೆ ಹುಡುಗಿಯ ಫೆಲೋಶಿಪ್ ಇನ್ನೊಂದು ವರ್ಷ ಮುಂದುವರಿಸುವ ಬಗ್ಗೆ ಕಮಿಟಿ ಕೂರುತ್ತದಂತೆ, ಇವರ ವರದಿ ಹೋಗಬೇಕಂತೆ. “ಹಾಗಾದ್ರೆ ನಾನು ಬರೀಬೇಕಾಗುತ್ತೆ” ಅಂದರು. ನಾನು ತಲೆಯಾಡಿಸಿ ಬಂದೆ.

ಫೆಬ್ರವರಿ ೨೪, ಭಾನುವಾರ

ಇವತ್ತಿನದನ್ನು ನಾನೇ ಮಾಡಿದೆ. ಆರೂ. ಮೂರನೆಯದನ್ನೂ, ಒಳಗಿರುವವನು ಅವನಲ್ಲ ಎಂದು ಗೊತ್ತಿದ್ದೂ.

ಹುಡುಗಿಯೂ ಬಂದಿದ್ದಳು. ಹಿಂದಿನ ಟೇಬಲ್ಲಿನಲ್ಲಿ, ನನಗೆ ಬೆನ್ನು ಹಾಕಿ, ಫ್ರಿಜ್ಜಿನಿಂದ ಏನೋ ತೆಗೆದು ಪ್ಲೇಟಿಗೆ ಹಚ್ಚುತ್ತಿದ್ದಳು. ಏನದು ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಫೆಬ್ರವರಿ ೨೬, ಮಂಗಳವಾರ

ನಾನು ಹೋಗುವ ಹೊತ್ತಿಗೆ ಅವಳು ಬಂದಾಗಿತ್ತು. ಟೇಬಲ್ ಮೇಲೆ ಪ್ಲೇಟುಗಳು ಸಾಲಾಗಿ. ಈ ಸಲ ಎಡದಿಂದ ಬಲಕ್ಕೆ, ನನಗೆ ಅನುಕೂಲವಾಗುವ ಹಾಗೆ.

ದಿನಾ ಹನಿ ತೆಗೆದ ಮೇಲೆ ಉಳಿದ ಹಳೆಯದನ್ನು ಒಡನೆ ಚೆಲ್ಲುವುದಿಲ್ಲ. ಒಂದು ವಾರ ಫ್ರಿಜ್ಜಿನಲ್ಲಿಡುತ್ತೇವೆ. ಆ ನಿಯಮ ಮಾಡಿದವಳೂ ನಾನೇ. ಅವಳು ಆ ಉಳಿಕೆಗಳಲ್ಲಿ ಮೂರನೆಯದನ್ನೆಲ್ಲ ಭಾನುವಾರ ಪ್ಲೇಟಿಗೆ ಹಚ್ಚಿದ್ದಾಳೆ.

“ನೋಡಿ ಅಕ್ಕ. ಇದು ನಾನು ಮಾಡಿದ ಭಾನುವಾರದ ಫ್ಲಾಸ್ಕು.” ಬಿಳಿ. ಪೂರಾ ಬಿಳಿ.

“ಇದು ಸೋಮವಾರದ್ದು.” ಬಿಳಿ.

“ಇದು ಮಂಗಳವಾರದ್ದು.”

ಅರ್ಧ ಕೆಂಪು, ಅರ್ಧ ಬಿಳಿ. ಬುಧವಾರ ಕೆಂಪೇ ಹೆಚ್ಚು. ಆಮೇಲಿನದನ್ನು ನೋಡಲಿಲ್ಲ.

ಸ್ಪೀಕರ್. ಕತ್ತರಿ. “ಇದನ್ನ ಇಟ್ಕೋ.” ಮೂರನೆಯದರ ಬಾಯಿ ತೆರೆದೇ ಇತ್ತು, ಮುಚ್ಚಿರಲಿಲ್ಲ, ಈಗ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕರ ಹನಿಯನ್ನು ಅದಕ್ಕೇ ಬಿಟ್ಟಿದ್ದೇನೆ. ಆಮೇಲೆ ಏನೂ ಆಗದವಳಂತೆ ನಾಲ್ಕಕ್ಕೆ ಇನ್ನೊಂದು.

ಹುಡುಗಿ ಪ್ಲೇಟುಗಳನ್ನು ಮುಚ್ಚಿಟ್ಟಳು. ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು. ಕೈಗವಸು ಬಿಚ್ಚಿ, ಕಸದ ಬುಟ್ಟಿಗೆ ಹಾಕಿ, ಆಚೆ ಹೋದಳು. ನನಗೆ ನಾಚಿಕೆಯಾಗಿದೆ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಥರದ್ದು.

ಆಫೀಸಿಗೆ ತಡವಾಗಿ ಹೋದೆ. ಯಾಕೆ ಎಂದು ಕೇಳಿದರು. ಬಸ್ಸು ಅಂದೆ.

ಫೆಬ್ರವರಿ ೨೭, ಬುಧವಾರ

ಪ್ರೊಫೆಸರ್ ಊರಲ್ಲಿಲ್ಲ. ಶುಕ್ರವಾರ ಬರುತ್ತಾರಂತೆ. ವರದಿ ಕಳಿಸಿದ್ದಾರೋ ಇಲ್ಲವೋ ಗೊತ್ತಿಲ್ಲ.

ಫೋನ್ ಮಾಡಬಹುದು. ಮೂರು ಸಲ ನಂಬರ್ ತೆಗೆದೆ. ಒಂದು ಸಲ ರಿಂಗ್ ಕೂಡ ಆಯಿತು, ಕಟ್ ಮಾಡಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಹೇಳಲು ಧೈರ್ಯವಿಲ್ಲ ಎನ್ನುವುದಕ್ಕೆ ಇದು ಮರ್ಯಾದಸ್ತ ಹೆಸರು.

ನನ್ನ ಸಾಲು ಕ್ಲೈಂಟಿಗೆ ಹಿಡಿಸಿದೆಯಂತೆ. ಕತ್ತರಿ ಮೇಡಂ ಎಲ್ಲರ ಎದುರು ಹೇಳಿದರು. ಎಲ್ಲ ಚಪ್ಪಾಳೆ ತಟ್ಟಿದರು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಮಾರ್ಚ್ ೧, ಶುಕ್ರವಾರ

ಹೇಳಿದೆ.

ಅರ್ಧ ದಿನ ರಜೆ ಹಾಕಿ ಹೋದೆ. ಹುಡುಗಿಯನ್ನೂ ಕರೆದೆ. ಅವಳ ಬೆನ್ನ ಹಿಂದೆ ಅಂದದ್ದನ್ನು ಅವಳ ಎದುರಿಗೇ ವಾಪಸ್ ತೆಗೆದುಕೊಳ್ಳಬೇಕಿತ್ತು. ಅವಳು ಬಾಗಿಲ ಹತ್ತಿರ ನಿಂತಳು, ಕೂರಲಿಲ್ಲ.

“ಸರ್, ನಾನು ಹೇಳಿದ್ದು ತಪ್ಪು. ಅವಳಲ್ಲ, ನಾನು. ಮಂಗಳವಾರ ಫೋನಲ್ಲಿ ಮಾತಾಡ್ತಾ ಮಾಡಿದ್ದು. ಅವಳ ಭಾನುವಾರದ್ದು ಶುದ್ಧವಾಗಿದೆ, ಪ್ಲೇಟು ತೋರಿಸಿದಾಳೆ.”

ಕನ್ನಡಕ ತೆಗೆದು ಒರೆಸಿದರು. “ಹೋಗ್ಲಿ ಬಿಡಮ್ಮ. ಎಲ್ರೂ ಒಂದಲ್ಲ ಒಂದು ದಿನ ಮಾಡೋದೇ” ಅಂದರು.

ನಾನು ಮಾಡಿದ್ದು ಎಲ್ಲರೂ ಮಾಡುವುದು. ಅವಳು ಮಾಡಿದ್ದಾಗಿದ್ದರೆ ವರದಿಯಲ್ಲಿ ಬರೆಯುವುದು! “ವರದಿ ಹೋಯ್ತಾ ಸರ್?” ಎಂದು ಕೇಳಿದೆ.

ಹೋಗಿತ್ತು. ‘ಕೆಲಸದಲ್ಲಿ ಇನ್ನೂ ಮೇಲ್ವಿಚಾರಣೆ ಬೇಕು’ ಎಂದು ಒಂದು ಸಾಲು ಸೇರಿಸಿ ಬುಧವಾರವೇ ಕಳಿಸಿದ್ದರು. ನಾನು ನಂಬರ್ ತೆಗೆದು, ಕಟ್ ಮಾಡುತ್ತ ಕೂತಿದ್ದ ಬುಧವಾರ.

“ಇನ್ನೊಂದು ಕಳಿಸಿ ಸರ್.”

“ಸೋಮವಾರ ಬೆಳಗ್ಗೆ ನೋಡ್ತೀನಿ.”

“ಈಗ ಸರ್. ನಾನು ಕೂತಿರ್ತೀನಿ.”

ಇಷ್ಟು ವರ್ಷದಲ್ಲಿ ಅವರ ಮುಂದೆ ಹಾಗೆ ಮಾತಾಡಿದ್ದು ಇದೇ ಮೊದಲು. ಅವರು ಟೈಪ್ ಮಾಡಿ, ಕಳಿಸಿ, ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಹುಡುಗಿ ಓದಿದಳು, “ಥ್ಯಾಂಕ್ಯೂ ಸರ್” ಅಂದಳು. ನನ್ನ ಪಕ್ಕದಿಂದಲೇ ಹಾದು ಲ್ಯಾಬಿಗೆ ಹೋದಳು.

ಮಾರ್ಚ್ ೨, ಶನಿವಾರ

ರಾತ್ರಿಯೆಲ್ಲ ಲೆಕ್ಕ ಹಾಕಿಟ್ಟುಕೊಂಡಿದ್ದೆ. ಬೆಳಗ್ಗೆ ಹೋದವಳೇ ಶುರು ಮಾಡಿದೆ.

“ನೋಡು, ಫ್ರಿಜ್ಜಿನ ಬಿಳಿ ಉಳಿಕೆ ವಾರ ತುಂಬಿ ಚೆಲ್ಲಿಹೋಯ್ತು, ಪ್ಲೇಟಿನ ಒಂದು ಚುಕ್ಕೆ ಪೂರಾ ವಂಶ ಆಗಲ್ಲ. ಮೂರನೇದನ್ನ ನವೆಂಬರ್ ಸ್ಟಾಕಿನಿಂದ ಎಬ್ಬಿಸೋಣ. ಇಲ್ಲಿ ತನಕ ಮತ್ತೆ ತರೋದು ನನ್ನ ಜವಾಬ್ದಾರಿ. ದಿನಾ ಬರ್ತೀನಿ. ಭಾನುವಾರಾನೂ.”

“ಬೇಡ ಅಕ್ಕ.”

“ನಿನಗೆ ಕಡ್ಡಿ ಎತ್ತಿಡೋ ಕೆಲಸ ಇರಲ್ಲ. ನಾನೇ ಎಲ್ಲ...”

“ನೀವೇ ಎಲ್ಲ ಮಾಡ್ತೀರ ಅಂತಾನೇ ಬೇಡ ಅಂತಿರೋದು.”

ಪಿಪೆಟ್ ಸ್ಟ್ಯಾಂಡಿಗೆ ಹಾಕಿ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಮೂರನೇದು ನವೆಂಬರ್ ತನಕ ಇತ್ತು, ಆಮೇಲೆ ನಿಂತಿತು ಅಂತ ಬರೀತೀನಿ. ಯಾಕೆ ನಿಂತಿತು ಅನ್ನೋದನ್ನೂ ಬರೀತೀನಿ. ಉಳಿದ ಐದನ್ನ ಮುಂದುವರಿಸ್ತೀನಿ. ನನಗೆ ಈ ವರ್ಷ ಥೀಸಿಸ್ ಮುಗೀಬೇಕು ಅಕ್ಕ.”

“ಅವನನ್ನ ಹಾಗೇ ಬಿಟ್ಬಿಡೋದಾ? ಆರರಲ್ಲಿ ಏನಾದ್ರೂ ಹೊಸದು ಕಂಡಿದ್ದು ಅವನಲ್ಲೇ!”

“ಫ್ರೀಜರ್‌ನಲ್ಲಿ ಇದಾನಲ್ಲ. ಯಾವತ್ತಾದ್ರೂ ನಾನು ಎಬ್ಬಿಸ್ತೀನಿ. ನನಗೆ ಬೇಕು ಅನ್ನಿಸಿದಾಗ.”

ನಾನು ಎಂಬ ಮಾತನ್ನು ಒತ್ತಿ ಹೇಳಿದಳೋ, ನನಗೆ ಹಾಗೆ ಕೇಳಿಸಿತೋ.

“ನನ್ನ ಮೇಲೆ ಸಿಟ್ಟಾ?” ಎಂದು ಕೇಳಿದೆ. ಚಿಕ್ಕ ಮಕ್ಕಳ ಪ್ರಶ್ನೆ.

“ಶನಿವಾರ ನೀವು ಬೈದಾಗ ಇತ್ತು. ಈಗ ಅದಲ್ಲ. ನಾಲ್ಕು ವರ್ಷ ಆಯ್ತು ಅಕ್ಕ, ನಾನಿನ್ನೂ ಭಾನುವಾರದವಳು. ನೀವು ದಿನಾ ಬರ್ತಿರೋ ತನಕ ನಾನು ಭಾನುವಾರದವಳೇ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳಿಗೆ ಒಪ್ಪಿಸುತ್ತೇನೆ ಎಂದು ಬಂದವಳು ಅವಳ ಕೈಯಿಂದ ದಿನಾ ಕಿತ್ತುಕೊಳ್ಳುತ್ತಿದ್ದೆ. ಅದನ್ನು ಪ್ರೀತಿ, ಜವಾಬ್ದಾರಿ, ಶಿಸ್ತು ಎಂದೆಲ್ಲ ಕರೆದುಕೊಂಡಿದ್ದೆ. ನನಗೆ ಹೆದರಿಕೆ, ಅಷ್ಟೇ. ಆ ಫ್ಲಾಸ್ಕುಗಳಿಲ್ಲದಿದ್ದರೆ ನಾನು ಯಾರೂ ಅಲ್ಲ ಎನ್ನು​ವ ಹೆದರಿಕೆ.

ಇವತ್ತಿನದನ್ನು ಅವಳು ಮಾಡಿದಳು. ಐದು. ನಾನು ನೋಡುತ್ತ ನಿಂತೆ. ಆರರಿಂದ ಒಂದಕ್ಕೆ, ಎಡಗೈಯಲ್ಲಿ, ಒಂದು ಹನಿ ಆಚೀಚೆ ಇಲ್ಲ. ಮೂರನೆಯದನ್ನು ಬ್ಲೀಚಿಗೆ ಸುರಿಯುವಾಗ ಮಾತ್ರ “ನೀವು ಮಾಡ್ತೀರಾ?” ಎಂದು ಕೇಳಿದಳು. ತಲೆಯಾಡಿಸಿ ಬೇಡ ಅಂದೆ.

ಲ್ಯಾಬಿನ ಬಾಗಿಲು ತೆರೆಯುವ ನನ್ನ ಕಾರ್ಡನ್ನು ಅವಳ ಟೇಬಲ್ ಮೇಲಿಟ್ಟು ಬಂದೆ.

ಮಾರ್ಚ್ ೪, ಸೋಮವಾರ

ಬೆಳಗ್ಗೆ ಎಚ್ಚರವಾಗಿಯೂ ಮಂಚ ಹಿಡಿದುಕೊಂಡು ಮಲಗಿದ್ದೆ. ಸೂರು ನೋಡುತ್ತ. ಈಗ ಒಂದನೆಯದು, ಅಲ್ಲ, ಅವಳು ಆರರಿಂದ ಶುರು ಮಾಡುತ್ತಾಳೆ. ಈಗ ಐದನೆಯದು...

ಮಧ್ಯಾಹ್ನ ಪ್ರೊಫೆಸರ್ ಮೆಸೇಜು. ಕಮಿಟಿ ಒಪ್ಪಿದೆ. ಹುಡುಗಿಗೆ ಇನ್ನೊಂದು ವರ್ಷ. ಉಸಿರು ಬಿಟ್ಟೆ. ಅವಳಿಂದ ಏನೂ ಇಲ್ಲ. ಅವಳು ಯಾಕೆ ಹೇಳಬೇಕು.

ಆಮೇಲೆ ಕತ್ತರಿ ಮೇಡಂ ಒಳಗೆ ಕರೆದರು. ಪ್ರೊಬೇಷನ್ ವಿಚಾರ. ಅವರು ಬಾಯಿ ತೆರೆಯುವ ಮುಂಚೆ ನಾನೇ ಎಲ್ಲ ಹೇಳಿಬಿಟ್ಟೆ. ಬೆಳಗಿನ ಲ್ಯಾಬು, ಮಿಕ್ಸಿಯಲ್ಲದ ಮಿಕ್ಸಿ.

“ಏನೋ ಇದೆ ಅಂತ ಗೊತ್ತಿತ್ತು. ದಿನಾ ಬೇಯಿಸಿದ ವಾಸನೆ. ಎಲ್ಲೋ ಹೋಟ್ಲು ನಡೆಸ್ತಾಳೆ ಅಂದ್ಕೊಂಡಿದ್ದೆ” ಅಂದರು. ನಗಲಿಲ್ಲ. “ಕೆಲಸ ಚೆನ್ನಾಗಿ ಮಾಡ್ತೀಯ, ಮಾಡಿದಾಗ. ಪ್ರೊಬೇಷನ್ ಇನ್ನು ಮೂರು ತಿಂಗಳು. ಆಗ ಬಂದು ಹೇಳು, ಇಲ್ಲಿರೋಳಾ ಅಲ್ವಾ ಅಂತ. ನಾನು ಹೇಳಲ್ಲ, ನೀನೇ ಹೇಳು.”

ಖಾಯಂ ಮಾಡುತ್ತಾರೆ ಎಂದುಕೊಂಡಿದ್ದೆ. ಬೇಜಾರಾಗಬೇಕಿತ್ತು. ಆಗಲಿಲ್ಲ.

ಮಾರ್ಚ್ ೫, ಮಂಗಳವಾರ. ಬೆಳಗ್ಗೆ

ಕಾಲಿಗೆ ಬುದ್ಧಿ ಇಲ್ಲ.

ಎದ್ದು, ಮುಖ ತೊಳೆದು, ಬ್ಯಾಗ್ ಹಾಕಿಕೊಂಡು ಸ್ಟಾಪಿನಲ್ಲಿ ನಿಂತಿದ್ದೇನೆ! ಲ್ಯಾಬಿಗೆ ಹೋಗುವ ಬಸ್ಸಿನ ದೀಪ ತಿರುವಿನಲ್ಲಿ ಕಂಡಾಗಲೇ ನೆನಪಾಗಿದ್ದು. ತಿರುಗಿ ಹೋಗುವಷ್ಟರಲ್ಲಿ ಬಂದೇಬಿಟ್ಟಿತು. ಕೈ ತೋರಿಸದಿದ್ದರೂ ನನ್ನ ಮುಂದೆಯೇ ನಿಲ್ಲಿಸಿದ, ಬಾಗಿಲು ತೆರೆದ. ನಾನು ಹತ್ತಲಿಲ್ಲ.

“ಹತ್ತಿ ಮೇಡಂ” ಅಂದ ಡ್ರೈವರು.

“ಇಲ್ಲ, ಇವತ್ತು ಬರಲ್ಲ.”

“ನಾಳೆ?”

“ನಾಳೇನೂ ಇಲ್ಲ.”

“ಯಾಕೆ, ಕೆಲಸ ಬಿಟ್ರಾ?”

ಹೂಂ ಅಂದೆ. ಜನವರಿಯಲ್ಲಿ ಬಿಟ್ಟ ಕೆಲಸ. ಒಬ್ಬರಿಗೆ ಬಾಯಿಬಿಟ್ಟು ಹೂಂ ಎಂದು ಹೇಳಿದ್ದು ಇವತ್ತೇ. ಬಸ್ಸು ಹೋದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ನೋಡುವವರು ಯಾರೂ ಇರಲಿಲ್ಲ.

ಮನೆಗೆ ಬಂದರೆ ಚಿಕ್ಕಮ್ಮ ಎದ್ದು ಕೂತಿದ್ದಾಳೆ.

“ಬಸ್ಸು ತಪ್ಪಿತೇನೇ?”

“ಇಲ್ಲ ಚಿಕ್ಕಮ್ಮ. ಬಿಟ್ಟೆ.”

ನನ್ನ ಮುಖ ನೋಡಿದಳು. ಕಾಫಿ ಸುರಿದು ನನ್ನ ಮುಂದಿಟ್ಟು ತಾನು ಪೇಪರ್ ಹಿಡಿದಳು. ಕಾಫಿ ಬಿಸಿ ಇರುವಾಗಲೇ ಕುಡಿದೆ. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಆಫೀಸಿಗೆ ಹೊರಡಲು ಎಷ್ಟೋ ಹೊತ್ತಿದೆ. ಕಾಲು ಕುಟ್ಟುತ್ತಲೇ ಇದೆ. ಇಷ್ಟು ದೊಡ್ಡ ಬೆಳಗನ್ನು ಇಟ್ಟುಕೊಂಡು ನಾನೀಗ ಏನು ಮಾಡಲಿ?